ವಾರ ಹಿಂದಕ್ಕೆ ಎಣಿಸಿದರೆ ಹಳೆಯ ಫೋಟೊಗಳ ತಾರೀಖು ತಪ್ಪು ಬರುತ್ತಿದೆ (ಬಗೆಹರಿದಿದೆ)

ಹಳೇರೋಲು:

ಎಲ್ಲರಿಗೂ ನಮಸ್ಕಾರ. ಹನುಮಂತನಗರದ ನಮ್ಮ ಮನೆಯ ಅಟ್ಟ ಖಾಲಿ ಮಾಡುವಾಗ ಅಪ್ಪನ ನೆಗೆಟಿವ್‌ಗಳು ಸಿಕ್ಕವು. ಬಿಸ್ಕತ್ತಿನ ಡಬ್ಬದಲ್ಲಿ ಕಾಗದ ಸುತ್ತಿ ಇಟ್ಟಿದ್ದರು, ಒಂದೂ ಹಾಳಾಗಿಲ್ಲ. ಜೊತೆಗೆ ಒಂದು ಉದ್ದನೆಯ ನೋಟ್‌ಬುಕ್. ಈಗ ಒಂದೊಂದೇ ಸ್ಕ್ಯಾನ್ ಮಾಡುತ್ತಿದ್ದೇನೆ. ಸ್ಕ್ಯಾನರ್ ಮಾತ್ರ ಪ್ರತಿ ಫೋಟೊಗೂ ಸ್ಕ್ಯಾನ್ ಮಾಡಿದ ದಿನದ ತಾರೀಖನ್ನೇ ಹಾಕುತ್ತದೆ. ಮೊಬೈಲಿನಲ್ಲಿ ನೋಡಿದರೆ ಎರಡು ಜಡೆ ಹಾಕಿಕೊಂಡ ಅಕ್ಕ ಮೊನ್ನೆ ತಿಂದ ಬಿರಿಯಾನಿ ಪಕ್ಕದಲ್ಲಿ ನಿಂತಿದ್ದಾಳೆ.

ಸರಿಯಾದ ತಾರೀಖು ಹಾಕೋಣ ಅಂದರೆ ಅಪ್ಪನ ಪದ್ಧತಿ ಬೇರೆ. ಫೋಟೊ ತೆಗೆದ ದಿನ ಏನೂ ಬರೆಯುತ್ತಿರಲಿಲ್ಲ. ಸ್ಟುಡಿಯೊದಿಂದ ಪ್ರಿಂಟ್ ಬಂದ ದಿನ ಕೂತು, ಆ ದಿನದ ತಾರೀಖು, ಪಕ್ಕದಲ್ಲಿ ತೆಗೆದು ಎಷ್ಟು ದಿನವಾಯಿತು ಅಂತ ಬರೆಯುತ್ತಿದ್ದರು. ಹೀಗೆ:

1-3-80. ಮಗಳ ಶಾಲೆ, ಬಾವುಟ. ಐದು ವಾರ.

ಒಟ್ಟು 63 ಸಾಲು. ಗೂಗಲ್ ಶೀಟಿನಲ್ಲಿ ಎ ಕಾಲಮ್ಮಿಗೆ ಪ್ರಿಂಟ್ ತಾರೀಖು, ಬಿ ಕಾಲಮ್ಮಿಗೆ ವಾರ, ಸಿ ಕಾಲಮ್ಮಿನಲ್ಲಿ =ಎ2-ಬಿ2*7 ಅಂತ ಹಾಕಿದೆ. ಬಾವುಟದ ಫೋಟೊಗೆ 29 ನವೆಂಬರ್ 1979 ಬರುತ್ತಿದೆ. ನವೆಂಬರ್ 29ಕ್ಕೆ ಯಾವ ಶಾಲೆಯಲ್ಲಿ ಬಾವುಟ ಹಾರಿಸುತ್ತಾರೆ? 22-3-80 ಅಂತ ಇರುವ ಸಾಲುಗಳಲ್ಲಂತೂ ಉತ್ತರವೇ ಇಲ್ಲ, ಎರರ್. ಅಪ್ಪ ಈಗ ಇಲ್ಲ, ಕೇಳುವಂತಿಲ್ಲ. ಏನು ತಪ್ಪು ಮಾಡುತ್ತಿದ್ದೇನೆ?

ಸೂತ್ರಧಾರಿ:

ಮೊದಲು ಒಂದು ಅನುಮಾನ. ನಿಮ್ಮ ಶೀಟಿನ ‘ವಾರ’ ಕಾಲಮ್ ಅಂದರೆ ಏಳು ದಿನದ ವಾರವೋ, ಸೋಮ ಮಂಗಳ ಅನ್ನುವ ವಾರವೋ? ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಹೆಸರು, ಅದಕ್ಕೇ ಕೇಳಿದೆ.

ಹಳೇರೋಲು:

ಏಳು ದಿನದ್ದು ಸರ್. ಕೆಲವು ಸಾಲಿನಲ್ಲಿ ಅಪ್ಪ ಸೋಮ ಮಂಗಳವನ್ನೂ ಬರೆದಿದ್ದಾರೆ, ಅದನ್ನು ನಾನು ಇನ್ನೂ ಟೈಪ್ ಮಾಡಿಲ್ಲ.

ಸೂತ್ರಧಾರಿ:

ಅದನ್ನೂ ಟೈಪ್ ಮಾಡಿ, ಆಮೇಲೆ ಬೇಕಾಗುತ್ತದೆ.

ನಿಮ್ಮ ಸೂತ್ರ ಸರಿಯಿದೆ. ತಪ್ಪಿರುವುದು ಎ ಕಾಲಮ್. ಎ2 ಸೆಲ್ಲಿನ ಫಾರ್ಮ್ಯಾಟ್ ಅನ್ನು ನಂಬರ್‌ಗೆ ಬದಲಿಸಿ ನೋಡಿ. ಶೀಟಿನ ಒಳಗೆ ತಾರೀಖು ಅಂದರೆ ಬರೀ ದಿನಗಳ ಎಣಿಕೆ, 1899ರ ಡಿಸೆಂಬರ್ 30 ಅದರ ಸೊನ್ನೆ. 1980ರ ಮಾರ್ಚ್ 1 ಆಗಿದ್ದರೆ 29281 ಬರಬೇಕು. ನಿಮಗೆ 29223 ಬರುತ್ತದೆ ಅಂತ ಬೆಟ್ಟು ಕಟ್ಟುತ್ತೇನೆ.

ಹಳೇರೋಲು:

29223! ಹೇಗೆ ಗೊತ್ತಾಯಿತು?

ಸೂತ್ರಧಾರಿ:

ಅದು ಜನವರಿ 3. ನಿಮ್ಮ ಶೀಟಿನ ಲೊಕೇಲ್, ಅಂದರೆ ಯಾವ ದೇಶದ ಪದ್ಧತಿ ಅನ್ನುವ ಸೆಟ್ಟಿಂಗ್, ಅಮೆರಿಕದ್ದು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. 1-3-80 ಅಂದರೆ ಅದಕ್ಕೆ ಜನವರಿ 3. ಅಲ್ಲಿಂದ 35 ದಿನ ಹಿಂದೆ ಹೋದರೆ ನವೆಂಬರ್ 29. 22-3-80 ಬಂದಾಗ 22ನೇ ತಿಂಗಳು ಇಲ್ಲವಲ್ಲ, ಅದನ್ನು ಬರೀ ಅಕ್ಷರ ಅಂತ ಬಿಟ್ಟುಬಿಟ್ಟಿದೆ. ಗಮನಿಸಿ, ಆ ಸೆಲ್ಲುಗಳು ಎಡಕ್ಕೆ ಅಂಟಿಕೊಂಡಿರುತ್ತವೆ, ಉಳಿದವು ಬಲಕ್ಕೆ. ಎರರ್ ಕೊಟ್ಟ ಸಾಲುಗಳು ಪುಣ್ಯಾತ್ಮರು, ತಪ್ಪನ್ನು ಹೇಳಿಕೊಂಡವು. ಸುಮ್ನೆ ಒಪ್ಪಿಕೊಂಡು ತಪ್ಪು ಉತ್ತರ ಕೊಟ್ಟವೇ ಅಪಾಯ.

ಫೈಲ್, ಸೆಟ್ಟಿಂಗ್ಸ್, ಲೊಕೇಲ್‌ಗೆ ಹೋಗಿ ಭಾರತ ಆರಿಸಿ. ಆದರೆ ಈಗಾಗಲೇ ಜನವರಿ ಆಗಿರುವುದು ಇದರಿಂದ ಮಾರ್ಚ್ ಆಗುವುದಿಲ್ಲ. 63 ಸಾಲು ತಾನೇ, ಮತ್ತೊಮ್ಮೆ ಟೈಪ್ ಮಾಡಿ. ನಾನಾಗಿದ್ದರೆ ದಿನ, ತಿಂಗಳು, ವರ್ಷ ಮೂರಕ್ಕೂ ಬೇರೆ ಬೇರೆ ಕಾಲಮ್ ಇಟ್ಟು, ಡೇಟ್ ಫಂಕ್ಷನ್ನಿನಿಂದ ಸೇರಿಸುತ್ತಿದ್ದೆ. ಆಗ ಯಾವ ದೇಶದ ಲೊಕೇಲ್ ಆದರೂ ಚಿಂತೆಯಿಲ್ಲ.

ಹಳೇರೋಲು:

ಮೂರು ಕಾಲಮ್ ಮಾಡಿ ಎಲ್ಲ ಹೊಸದಾಗಿ ಹಾಕಿದೆ. ಬಾವುಟದ ಫೋಟೊ 26 ಜನವರಿ 1980 ಅಂತ ಬಂತು! ಅಕ್ಕನಿಗೆ ಫೋನ್ ಮಾಡಿ ಹೇಳಿದೆ.

ಆದರೆ ಈಗ ಬೇರೆ ತಲೆನೋವು. ಅದೇ ರೋಲಿನಲ್ಲಿ ಗ್ರಹಣದ ಫೋಟೊ ಇದೆ. ಸೂರ್ಯನದ್ದಲ್ಲ. ಹಿತ್ತಲಿನ ಮಾವಿನ ಮರದ ಕೆಳಗಿನ ನೆಲ. ಎಲೆಗಳ ಸಂದಿಯಿಂದ ಬಿದ್ದ ಬಿಸಿಲು ಗುಂಡಗಿಲ್ಲ, ಒಂದೊಂದು ಚುಕ್ಕೆಯೂ ಕುಡುಗೋಲಿನ ಹಾಗೆ ಬಾಗಿದೆ. ನೆಲದ ತುಂಬಾ ನೂರಾರು ಕುಡುಗೋಲು. ಮೂಲೆಯಲ್ಲಿ ಅಜ್ಜಿಯ ಹಿತ್ತಾಳೆ ಚೊಂಬು. ಶೀಟು ಇದಕ್ಕೆ 15 ಫೆಬ್ರವರಿ 1980 ಅನ್ನುತ್ತಿದೆ. ಹುಡುಕಿ ನೋಡಿದರೆ ಗ್ರಹಣ ಆಗಿದ್ದು 16ಕ್ಕೆ, ಶನಿವಾರ. ಒಂದೇ ರೋಲು, ಒಂದೇ ದಿನ ಬಂದ ಪ್ರಿಂಟು. ಒಂದು ಸರಿ, ಇನ್ನೊಂದು ಒಂದು ದಿನ ಹಿಂದೆ. ಹೇಗೆ?

ಬಿಟ್‌ಬಸವ:

1980 ಅಧಿಕ ವರ್ಷ ಗುರು. ಫೆಬ್ರವರಿಗೆ 29 ದಿನ. ಅದೇ ಒಂದು ದಿನ.

ಸೂತ್ರಧಾರಿ:

ಶೀಟಿಗೆ ಅಧಿಕ ವರ್ಷ ಗೊತ್ತು. ಫೆಬ್ರವರಿ 29 ಎರಡೂ ಫೋಟೊಗಳ ಲೆಕ್ಕದಲ್ಲಿ ಬರುತ್ತದೆ. ಅದೇ ಕಾರಣವಾಗಿದ್ದರೆ ಬಾವುಟವೂ ತಪ್ಪಬೇಕಿತ್ತು.

ಬಿಟ್‌ಬಸವ:

ಹಾಗಾದರೆ ಟೈಮ್‌ಝೋನ್. ತಾರೀಖನ್ನು ಸ್ಕ್ರಿಪ್ಟ್ ಬರೆದು ಫೋಟೊಗೆ ಹಾಕುತ್ತಿದ್ದೀರಾ? ನಮ್ಮ ಮಧ್ಯರಾತ್ರಿ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಆಧಾರವಾದ ಸಮಯ) ಹಿಂದಿನ ದಿನದ ಸಂಜೆ ಆರೂವರೆ. ಬರೀ ತಾರೀಖು ಇಟ್ಟುಕೊಂಡು ಯುಟಿಸಿಗೆ ಬದಲಿಸಿದರೆ ಒಂದು ದಿನ ಹಿಂದೆ ಜಾರುತ್ತದೆ. ಇದೇ ಕಾರಣಕ್ಕೆ ಆಫೀಸಿನಲ್ಲಿ ಎರಡು ರಾತ್ರಿ ನಿದ್ದೆಗೆಟ್ಟಿದ್ದೇನೆ.

ಹಳೇರೋಲು:

ಸ್ಕ್ರಿಪ್ಟ್ ಇಲ್ಲ ಬಾಸ್. ಶೀಟಿನಲ್ಲೇ 15 ಅಂತ ಕಾಣುತ್ತಿದೆ.

ಸೂತ್ರಧಾರಿ:

ಗ್ರಹಣದ ಸಾಲಿನಲ್ಲಿ ಅಪ್ಪ ಬರೆದಿರುವುದನ್ನು ಇದ್ದ ಹಾಗೆ ಇಲ್ಲಿ ಹಾಕಿ. ಅದರ ಪಕ್ಕ ನೀವು ಟೈಪ್ ಮಾಡಿದ್ದನ್ನೂ.

ಹಳೇರೋಲು:

ಅಪ್ಪನ ಸಾಲು: 1-3-80. ಗ್ರಹಣ. ಹದಿನೈದು ದಿನ.

ಇಲ್ಲಿ ವಾರ ಅಂತ ಇಲ್ಲ, ಹಾಗಾಗಿ ಏಳರಿಂದ ಗುಣಿಸದೆ ನೇರವಾಗಿ 15 ಕಳೆದೆ. ಅದನ್ನು ಮೊದಲೇ ಹೇಳಬೇಕಿತ್ತು ಅಲ್ವಾ?

ಗಾಂಧಿಬಜಾರ್_ಆಂಟಿ:

ಇಷ್ಟು ಹೊತ್ತು ಸುಮ್ಮನೆ ಓದುತ್ತಿದ್ದೆ. ಈಗ ತಡೆಯಲಾಗಲಿಲ್ಲ.

ಅಲ್ಲಪ್ಪ, ನಿಮ್ಮ ಅಪ್ಪ ಹದಿನೈದು ದಿನ ಅಂತ ಬರೆದಿದ್ದಾರೆ, ನೀನು ಹದಿನೈದು ಕಳೆದೆಯಾ? ಹದಿನೈದು ದಿನ ಅಂದರೆ ಎರಡು ವಾರ. ಹದಿನಾಲ್ಕು ಕಳೆಯಬೇಕು. ಇವತ್ತು ಶನಿವಾರ, ಬೆರಳು ಮಡಚು. ಶನಿ, ಭಾನು, ಸೋಮ, ಮಂಗಳ, ಬುಧ, ಗುರು, ಶುಕ್ರ, ಮತ್ತೆ ಶನಿ. ಎಂಟು ಬೆರಳು ಬಂತಲ್ಲ? ಅದಕ್ಕೇ ನಾವು ವಾರಕ್ಕೆ ಎಂಟು ದಿನ ಅನ್ನುವುದು. ಇನ್ನೊಂದು ಶನಿವಾರದ ತನಕ ಮಡಚಿದರೆ ಹದಿನೈದು. ಹೊರಟ ದಿನವೂ ಲೆಕ್ಕಕ್ಕೆ, ಮುಟ್ಟಿದ ದಿನವೂ ಲೆಕ್ಕಕ್ಕೆ. ಟೈಲರ್ ಶುಕ್ರವಾರ ಅಳತೆ ತೆಗೆದುಕೊಂಡು ‘ಎಂಟು ದಿನ ಬಿಟ್ಟು ಬನ್ನಿ ಅಮ್ಮ’ ಅಂದರೆ ಶನಿವಾರ ಯಾರಾದರೂ ಹೋಗುತ್ತಾರಾ? ಶುಕ್ರವಾರವೇ ಹೋಗುವುದು. (ರವಿಕೆ ಆಗಿರುವುದಿಲ್ಲ, ಅದು ಬೇರೆ ಮಾತು.)

ಆದರೆ ಮೂರು ವಾರಕ್ಕೆ ಇಪ್ಪತ್ತೆರಡು ದಿನ ಅಂತ ಯಾರೂ ಅನ್ನುವುದಿಲ್ಲ. ಅಲ್ಲಿಂದ ಮೇಲೆ ಮೂರು ವಾರ, ಐದು ವಾರ ಅಂತಲೇ. ಅದಕ್ಕೇ ನಿನ್ನ ಬಾವುಟ ಸರಿ ಬಂತು, ಗ್ರಹಣ ತಪ್ಪಿತು.

ಇನ್ನೊಂದು ಜೋಪಾನ. ಡಬ್ಬದಲ್ಲಿ ವೈಕುಂಠ ಸಮಾರಾಧನೆಯ ಫೋಟೊ ಇದ್ದು, ಅದರಿಂದ ಹಿರಿಯರು ಹೋದ ದಿನ ಹುಡುಕುವುದಾದರೆ, ನಮ್ಮಲ್ಲಿ ಹದಿಮೂರನೇ ದಿನ ಅಂದರೆ ಹೋದ ದಿನವೇ ಒಂದನೆಯದು. ಹನ್ನೆರಡು ಕಳೆಯಬೇಕು. ‘ನೇ’ ಇದ್ದಲ್ಲೆಲ್ಲ ಒಂದು ಕಡಿಮೆ ಮಾಡು. ನಾನು ಬ್ಯಾಂಕಿನಲ್ಲಿ ಕೌಂಟರಿನಲ್ಲಿ ಕೂತವಳು. ಒಂದು ದಿನದ ಬಡ್ಡಿಗೆ ಜನ ಎಷ್ಟು ಜಗಳ ಆಡುತ್ತಾರೆ ಅಂತ ನನಗೆ ಗೊತ್ತು.

ಬಿಟ್‌ಬಸವ:

ಆಂಟಿ, ನಾನು ಎರಡು ರಾತ್ರಿ ಹುಡುಕಿದ ಬಗ್ ನಮ್ಮಜ್ಜಿ ಬಾಯಲ್ಲಿತ್ತು ಅಂತಾಯಿತು.

ಹಳೇರೋಲು:

14 ಕಳೆದೆ. 16 ಫೆಬ್ರವರಿ ಬಂತು!

ಆದರೂ ಗ್ರಹಣದ ದಿನ ಮೊದಲೇ ಗೊತ್ತಿತ್ತಲ್ಲ, ಅದಕ್ಕೆ ಲೆಕ್ಕ ಹೊಂದಿಸುತ್ತಿದ್ದೇವಾ ಅಂತ ಅನುಮಾನ. ಬೇರೆ ಸಾಲಿನಲ್ಲಿ ಪರೀಕ್ಷೆ ಮಾಡಬಹುದಾ? 22-3-80ರ ಒಂದು ಸಾಲು: ‘ದೊಡ್ಡಮ್ಮನ ಮನೆ ಗೃಹಪ್ರವೇಶ. ಎಂಟು ದಿನ. ಶನಿ.’

ಸೂತ್ರಧಾರಿ:

ಇದಕ್ಕೇ ಸೋಮ ಮಂಗಳ ಟೈಪ್ ಮಾಡಿ ಅಂದಿದ್ದು. 22ರಿಂದ ಎಂಟು ಕಳೆದರೆ ಮಾರ್ಚ್ 14, ಶುಕ್ರವಾರ. ಏಳು ಕಳೆದರೆ 15, ಶನಿವಾರ. ಅಪ್ಪ ಶನಿ ಅಂದಿದ್ದಾರೆ. ಆಂಟಿ ಗೆದ್ದರು.

ಈಗ ಶೀಟನ್ನು ಹೀಗೆ ಮಾಡಿ. ಅಪ್ಪನ ಮಾತನ್ನು ಅಂಕಿ ಮಾಡಲು ಹೋಗಬೇಡಿ, ‘ಹದಿನೈದು ದಿನ’ ಅಂತಲೇ ಒಂದು ಕಾಲಮ್ಮಿನಲ್ಲಿ ಇಡಿ. ಬೇರೆ ಹಾಳೆಯಲ್ಲಿ ಚಿಕ್ಕ ಪಟ್ಟಿ ಮಾಡಿ: ಎಂಟು ದಿನಕ್ಕೆ 7, ಹದಿನೈದು ದಿನಕ್ಕೆ 14, ಮೂರು ವಾರಕ್ಕೆ 21, ಐದು ವಾರಕ್ಕೆ 35. ವಿಲುಕಪ್ ಫಂಕ್ಷನ್ ಅಲ್ಲಿಂದ ಅಂಕಿ ತರುತ್ತದೆ. ನಾಳೆ ಪಟ್ಟಿಯಲ್ಲಿ ತಪ್ಪು ಕಂಡರೆ ಒಂದು ಕಡೆ ತಿದ್ದಿದರೆ ಸಾಕು, ಅಪ್ಪ ಬರೆದದ್ದು ಹಾಗೇ ಉಳಿದಿರುತ್ತದೆ. ಕೊನೆಯಲ್ಲಿ ಬಂದ ತಾರೀಖಿನ ವಾರ ತೋರಿಸುವ ಕಾಲಮ್ ಒಂದು. ಅದು ಅಪ್ಪನ ವಾರಕ್ಕೆ ಹೊಂದದಿದ್ದರೆ ಕೆಂಪು ಬಣ್ಣ ಬರಲಿ.

‘ಒಂದು ತಿಂಗಳು’ ಅಂತ ಇದ್ದರೆ ನಾಲ್ಕು ವಾರ ಅಂತ ತಿಳಿಯಬೇಡಿ. 22-3-80ರಿಂದ ನಾಲ್ಕು ವಾರ ಹಿಂದೆ ಹೋದರೆ ಫೆಬ್ರವರಿ 23, ಎಡೇಟ್ ಫಂಕ್ಷನ್ನಿನಲ್ಲಿ ಒಂದು ತಿಂಗಳು ಹಿಂದೆ ಹೋದರೆ 22. ಹಾಗೆ ಬರೆದವರು ಅಂದಾಜಿಗೆ ಬರೆದಿರುತ್ತಾರೆ. ಅಲ್ಲಿ ವಾರ ಬರೆದಿದ್ದರೆ ಮಾತ್ರ ದಿನ ಹಾಕಿ.

ಕತ್ತಲೆಕೋಣೆ:

ಕಂಪ್ಯೂಟರ್ ಇಲ್ಲದೆ ವಾರ ನೋಡಲು ಒಂದು ಉಪಾಯ. 1980ರ ಕ್ಯಾಲೆಂಡರ್ ಬೇಕಿದ್ದರೆ 2008ರದ್ದು ತೆಗೆಯಿರಿ, ತಾರೀಖು ವಾರ ಎಲ್ಲ ಅದೇ. 1979ಕ್ಕೆ 2018ರದ್ದು ಆಗುತ್ತದೆ. ಹಬ್ಬಗಳನ್ನು ಮಾತ್ರ ಅದರಲ್ಲಿ ನೋಡಬೇಡಿ.

ಗ್ರಹಣದ ಫೋಟೊ ಇಲ್ಲಿ ಹಾಕುತ್ತೀರಾ? ಅವತ್ತು ಅಂಕೋಲಾ, ರಾಯಚೂರು ಕಡೆ ಪೂರ್ತಿ ಗ್ರಹಣ, ಬೆಂಗಳೂರಲ್ಲಿ ಸೂರ್ಯ ಸ್ವಲ್ಪ ಉಳಿದಿದ್ದ. ಅದಕ್ಕೇ ಕುಡುಗೋಲು. ಎಲೆ ಸಂದಿಯೇ ಪಿನ್‌ಹೋಲ್ ಕ್ಯಾಮೆರಾ ಆಗಿಬಿಟ್ಟಿದೆ, ಒಂದೊಂದು ಚುಕ್ಕೆಯೂ ಸೂರ್ಯನ ಬಿಂಬ. ಎಲ್ಲರೂ ಮೇಲೆ ನೋಡಲು ಹೆದರುವಾಗ ನಿಮ್ಮ ಅಪ್ಪ ಕೆಳಗೆ ನೋಡಿದ್ದಾರೆ.

ಫೋಟೊಗೆ ತಾರೀಖು ಹಾಕಲು ಎಕ್ಸಿಫ್‌ಟೂಲ್ ಅನ್ನುವ ತಂತ್ರಾಂಶ ಬಳಸಿ. ‘ಡೇಟ್‌ಟೈಮ್‌ಒರಿಜಿನಲ್’ ಅನ್ನುವ ಜಾಗಕ್ಕೆ 1980:02:16 ಅಂತ, ವರ್ಷ ಮೊದಲು, ಮಧ್ಯೆ ಕೋಲನ್. ಜೊತೆಗೆ ಸಮಯವೂ ಕೇಳುತ್ತದೆ. ಮಧ್ಯರಾತ್ರಿ ಹಾಕಬೇಡಿ, ಮಧ್ಯಾಹ್ನ 12 ಹಾಕಿ. ಬಸವ ಹೇಳಿದ ಹಾಗೆ ಯಾವ ಆ್ಯಪ್ ಐದೂವರೆ ಗಂಟೆ ಜಾರಿಸಿದರೂ ದಿನ ಬದಲಾಗುವುದಿಲ್ಲ.

ಹಳೇರೋಲು:

ಪಟ್ಟಿ ಮಾಡಿ ಹಾಕಿದೆ. 63ರಲ್ಲಿ ‘ಎಂಟು ದಿನ’ ಒಂಬತ್ತು ಸಾಲು, ‘ಹದಿನೈದು ದಿನ’ ಐದು. ಈ ಹದಿನಾಲ್ಕರಲ್ಲಿ ವಾರ ಬರೆದಿದ್ದು ಆರರಲ್ಲಿ. ಆರೂ ಹೊಂದಿದವು, ಒಂದೂ ಕೆಂಪಾಗಲಿಲ್ಲ.

ಸಂಜೆ ಅಡುಗೆಮನೆಗೆ ಹೋಗಿ ಅಮ್ಮನನ್ನು ಕೇಳಿದೆ, ಎಂಟು ದಿನ ಅಂದರೆ ಎಷ್ಟು ದಿನ ಅಂತ. ಅಮ್ಮ ಅವರೆಕಾಯಿ ಬಿಡಿಸುತ್ತಿದ್ದವರು ತಲೆ ಎತ್ತದೆ ‘ಒಂದು ವಾರ’ ಅಂದರು. ವಾರ ಅಂದರೆ ಏಳಲ್ವಾ ಅಂದೆ. ‘ಹೂಂ, ಏಳು’ ಅಂದರು. ಅವರಿಗೆ ಅದರಲ್ಲಿ ಏನೂ ತೊಡಕು ಕಾಣಲಿಲ್ಲ.

ಒಂದು ಸಾಲು ಮಾತ್ರ ಉಳಿದಿದೆ. ‘22-3-80. ಬಸ್ ಸ್ಟಾಂಡ್, ಮಳೆ. ಮೊನ್ನೆ ಮೊನ್ನೆ.’ ಇದಕ್ಕೆ ಎಷ್ಟು ಕಳೆಯಲಿ?

ಗಾಂಧಿಬಜಾರ್_ಆಂಟಿ:

ಮೊನ್ನೆ ಅಂದರೆ ಎರಡು. ಮೊನ್ನೆ ಮೊನ್ನೆ ಅಂದರೆ ದೇವರಿಗೇ ಗೊತ್ತು. ಮಾರ್ಚ್ ಅಂತ ಹಾಕಿ ಬಿಡು.