ವೇಬ್ರಿಡ್ಜ್ ಪಿಸಿಗೆ ಐಪಿ ಸಿಗ್ತಿಲ್ಲ: ವಿಎಲ್ಯಾನ್ ಬಲ್ಲವರು ಹೇಳ್ರಿ

ಸಿಂಧನೂರಿನಿಂದ ಪ್ರಶ್ನೆ: ರೈಸ್ ಮಿಲ್ಲಿನ ನೆಟ್‌ವರ್ಕ್. ಆಫೀಸಿನಲ್ಲೊಂದು, ವೇಬ್ರಿಡ್ಜ್ ಕ್ಯಾಬಿನ್ನಿನಲ್ಲೊಂದು ಮ್ಯಾನೇಜ್ಡ್ ಸ್ವಿಚ್. ವಿಎಲ್ಯಾನ್ ಅಂದ್ರೆ ಅದೇ ಸ್ವಿಚ್ಚುಗಳ ಮೇಲೆ ಬೇರ್ಪಡಿಸಿದ ನೆಟ್‌ವರ್ಕ್: ಆಫೀಸಿಗೆ ವಿಎಲ್ಯಾನ್ 10, ಕ್ಯಾಮೆರಾಗಳಿಗೆ 20; ಈಗ ವೇಬ್ರಿಡ್ಜಿಗೆ 30. ಟ್ರಂಕಿಗೆ (ಎಲ್ಲ ವಿಎಲ್ಯಾನ್‌ಗಳನ್ನೂ ಒಯ್ಯುವ, ಎರಡು ಸ್ವಿಚ್ಚಿನ ನಡುವಿನ ಲಿಂಕು) 30 ಹಾಕಿದ ಕೂಡಲೇ ಗೇಟಿನ ಕ್ಯಾಮೆರಾ ಎಲ್ಲ ಕಪ್ಪಾದವು. ಮೊದಲಿನ ಹಾಗೇ ಮಾಡಿದ ಮೇಲೆ ಬಂದವು. ವೇಬ್ರಿಡ್ಜ್ ಪಿಸಿ ಮಾತ್ರ 169.254 ತೋರಿಸ್ತದೆ. ಎಲ್ಲಿಂದ ಹುಡುಕೋಣ?

ಗಂಗಾವತಿಯಿಂದ: 169.254 ಅಂದ್ರೆ ಡಿಎಚ್‌ಸಿಪಿಯಿಂದ (ಐಪಿ ವಿಳಾಸ ಹಂಚುವ ವ್ಯವಸ್ಥೆ) ಉತ್ತರ ಬಂದಿಲ್ಲ, ವಿಂಡೋಸ್ ತಾನೇ ಒಂದು ವಿಳಾಸ ಹಾಕಿಕೊಂಡಿದೆ. ಪಿಸಿಗೆ 30ರ ಸಬ್‌ನೆಟ್ಟಿನ (ಆ ವಿಎಲ್ಯಾನಿನ ಐಪಿ ವಿಳಾಸಗಳ ಗುಂಪು) ಐಪಿ ಕೈಯಿಂದ ಕೊಟ್ಟು ಗೇಟ್‌ವೇಗೆ (ಬೇರೆ ನೆಟ್‌ವರ್ಕಿಗೆ ದಾರಿ ಕೊಡುವ ರೂಟರ್ ವಿಳಾಸ) ಪಿಂಗ್ ಮಾಡ್ರಿ. ಹೋದರೆ ಸ್ವಿಚ್ಚುಗಳು ಸರಿ ಇವೆ; 30ಕ್ಕೆ ಪೂಲ್ (ಹಂಚಲು ಇಟ್ಟ ವಿಳಾಸಗಳ ಪಟ್ಟಿ) ಇದೆಯಾ, ಡಿಎಚ್‌ಸಿಪಿ ಸರ್ವರ್ ಬೇರೆ ವಿಎಲ್ಯಾನಿನಲ್ಲಿದ್ದರೆ ಕೋರಿಕೆಯನ್ನ ಅಲ್ಲಿಗೆ ದಾಟಿಸೋ ರಿಲೇ ಹಾಕಿದೆಯಾ ನೋಡ್ರಿ. ಹೋಗದಿದ್ದರೆ ಪಿಸಿಯ ಮ್ಯಾಕ್ ವಿಳಾಸವನ್ನು (ನೆಟ್‌ವರ್ಕ್ ಕಾರ್ಡಿನ ಗುರುತಿನ ಸಂಖ್ಯೆ) ಎರಡೂ ಸ್ವಿಚ್ಚಿನ ಮ್ಯಾಕ್ ಟೇಬಲ್ಲಿನಲ್ಲಿ ಹುಡುಕ್ರಿ. ಕ್ಯಾಬಿನ್ನಿನದರಲ್ಲಿ 30ರ ಎದುರು ಇದ್ದು ಆಫೀಸಿನದರಲ್ಲಿ ಇಲ್ಲದಿದ್ದರೆ ಟ್ರಂಕಿನದೇ ತಪ್ಪು. ಕ್ಯಾಬಿನ್ನಿನಲ್ಲೇ 1ರ ಎದುರು ಕಂಡರೆ ಪಿಸಿಯ ಪೋರ್ಟು 30ಕ್ಕೆ ಸೇರಿಲ್ಲ. ಪಿಂಗ್ ನಡೀತಿರುವಾಗಲೇ ನೋಡಬೇಕು. ಹೆಚ್ಚಿನ ಸ್ವಿಚ್ಚುಗಳಲ್ಲಿ 300 ಸೆಕೆಂಡು ಸದ್ದಿಲ್ಲದಿದ್ದರೆ ಎಂಟ್ರಿ ಅಳಿಸಿಹೋಗ್ತದೆ.

ಸಿರುಗುಪ್ಪದಿಂದ: ಕ್ಯಾಮೆರಾ ಕಪ್ಪಾದದ್ದೇ ದೊಡ್ಡ ಸುಳಿವು. ಸಿಸ್ಕೊದಲ್ಲಿ ‘ಸ್ವಿಚ್‌ಪೋರ್ಟ್ ಟ್ರಂಕ್ ಅಲೋಡ್ ವಿಎಲ್ಯಾನ್ 30’ ಅಂತ ಕೊಟ್ಟರೆ 10, 20 ಹೋಗಿ 30 ಒಂದೇ ಉಳಿಯುತ್ತದೆ. ‘ಅಲೋಡ್ ವಿಎಲ್ಯಾನ್ ಆ್ಯಡ್ 30’ ಅನ್ನಬೇಕು, ಟ್ರಂಕಿನ ಎರಡೂ ತುದಿಯಲ್ಲಿ. ನೀವು ಹಳೆಯದಕ್ಕೆ ಮರಳಿಸಿದ್ದೀರಿ ಅಂದರೆ ಈಗ ಟ್ರಂಕಿನಲ್ಲಿ 30 ಇಲ್ಲವೇ ಇಲ್ಲ. ವಿಎಲ್ಯಾನ್ 30 ಅನ್ನು ಎರಡೂ ಸ್ವಿಚ್ಚಿನಲ್ಲಿ ರಚಿಸಿರಬೇಕು, ಅದನ್ನೂ ನೋಡಿ. ಕೊನೆಗೆ ‘ಶೋ ಇಂಟರ್‌ಫೇಸಸ್ ಟ್ರಂಕ್’ನಲ್ಲಿ ಮೂರೂ ಕಾಣಬೇಕು. ಆಫೀಸಿನಲ್ಲಿ ಕೂತು ಕ್ಯಾಬಿನ್ ಸ್ವಿಚ್ ಬದಲಿಸುವುದಾದರೆ ಮೊದಲು ‘ರೀಲೋಡ್ ಇನ್ 10’ ಕೊಡಿ. ಸಂಪರ್ಕ ಕಡಿದರೂ 10 ನಿಮಿಷಕ್ಕೆ ಅದು ಸೇವ್ ಆಗಿದ್ದ ಸೆಟ್ಟಿಂಗಿಗೆ ಮರಳುತ್ತದೆ. ಎಲ್ಲ ಸರಿ ಬಂದರೆ ‘ರೀಲೋಡ್ ಕ್ಯಾನ್ಸಲ್’, ಆಮೇಲೇ ಸೇವ್.

ಮಾನ್ವಿಯಿಂದ: ಬ್ರೌಸರ್‌ನಲ್ಲಿ ಸೆಟ್ ಮಾಡೋ ಸಣ್ಣ ಸ್ವಿಚ್ಚಾಗಿದ್ದರೆ ಪಿವಿಐಡಿ ಮರೀಬೇಡ್ರಿ. ಪೋರ್ಟನ್ನು 30ಕ್ಕೆ ಅನ್‌ಟ್ಯಾಗ್ಡ್ (ವಿಎಲ್ಯಾನ್ ಸಂಖ್ಯೆಯ ಗುರುತು ಇಲ್ಲದ್ದು) ಮಾಡಿದ್ದು ಪಿಸಿ ಕಡೆ ಹೋಗೋ ಫ್ರೇಮಿಗೆ (ಡೇಟಾದ ತುಣುಕು) ಮಾತ್ರ. ಪಿಸಿಯಿಂದ ಬಂದ ಫ್ರೇಮು ಯಾವ ವಿಎಲ್ಯಾನಿಗೆ ಸೇರಬೇಕು ಅನ್ನೋದನ್ನ ಪಿವಿಐಡಿ ತೀರ್ಮಾನಿಸ್ತದೆ. ಅದು 1 ಅಂತಲೇ ಉಳಿದಿದ್ದರೆ ಡಿಎಚ್‌ಸಿಪಿ ಕೋರಿಕೆ 30ರ ಕಡೆ ಹೋಗೋದೇ ಇಲ್ಲ. ಆಫೀಸ್ ಕಡೆಯ ಪೋರ್ಟು 30ಕ್ಕೆ ಟ್ಯಾಗ್ಡ್ (ಆ ಗುರುತು ಇರೋದು) ಇರಲಿ.

ಕೊಪ್ಪಳದಿಂದ: ಅದೇ ಕೇಬಲ್ಲಿನ ಮೇಲೆ ಕ್ಯಾಮೆರಾ ಓಡ್ತಿವೆ, ಹಾಗಾಗಿ ಎರಡು ಸ್ವಿಚ್ಚಿನ ನಡುವಿನ ಕೇಬಲ್ ಈಗ ಮುಟ್ಟಬೇಡ್ರಿ. ಐಪಿ ಬಂದ ಮೇಲೂ ಆಫೀಸಿನಿಂದ ಆ ಪಿಸಿಯ ಶೇರ್ಡ್ ಫೋಲ್ಡರ್ ತೆರೆಯದೆ ಇರಬಹುದು. ವಿಂಡೋಸ್ ಫೈರ್‌ವಾಲಿನ ಫೈಲ್ ಶೇರಿಂಗ್ ನಿಯಮ ಸಾಮಾನ್ಯವಾಗಿ ತನ್ನ ಸಬ್‌ನೆಟ್ಟಿಗೆ ಮಾತ್ರ ಬಿಡ್ತದೆ. ಅದರ ಸ್ಕೋಪಿನಲ್ಲಿ 10ರ ಸಬ್‌ನೆಟ್ ಸೇರಿಸ್ರಿ. ಫೈರ್‌ವಾಲನ್ನೇ ಆಫ್ ಮಾಡಬೇಡ್ರಿ, ಲಾರಿಗಳ ತೂಕದ ಲೆಕ್ಕ ಇರೋ ಪಿಸಿ ಅದು.