ಸಿಯರ್ಸ್‌ನಂಥ ದೊಡ್ಡ ಮಳಿಗೆಗಳನ್ನು ಮುಚ್ಚಿಸಿದ್ದು ಆನ್‌ಲೈನ್ ವ್ಯಾಪಾರವೊಂದೇ ಏನು?

ಪ್ರಶ್ನೆ: ಶಾಂಬರ್ಗ್ ವಾಸಿ

ಎಲ್ಲರಿಗೂ ನಮಸ್ಕಾರ. ನಾನು ಶಿಕಾಗೋ ನಗರದ ವಾಯವ್ಯಕ್ಕಿರುವ ಶಾಂಬರ್ಗ್‌ಗೆ 1998ರ ಜನವರಿಯಲ್ಲಿ ಬಂದು ನೆಲೆಸಿದವನು. ಊರಿನಿಂದ ತಂದಿದ್ದ ಸ್ವೆಟರ್ ಇಲ್ಲಿನ ಚಳಿಗೆ ಯಾವ ಮೂಲೆಗೂ ಸಾಲದೆಂದು ಕಂಡ ಸಹೋದ್ಯೋಗಿಯೊಬ್ಬರು, ಬಂದ ಮೂರನೆಯ ದಿನವೇ ನನ್ನನ್ನು ವುಡ್‌ಫೀಲ್ಡ್ ಮಾಲ್‌ನಲ್ಲಿದ್ದ ಸಿಯರ್ಸ್ ಮಳಿಗೆಗೆ ಕರೆದೊಯ್ದರು. ಕೋಟು, ಕೈಗವಸು, ಹಾಸಿಗೆ, ದಿಂಬು, ಇಸ್ತ್ರಿಪೆಟ್ಟಿಗೆ ಎಲ್ಲವೂ ಒಂದೇ ಸೂರಿನಡಿ ಒಂದೇ ಸಂಜೆಯಲ್ಲಿ ಸಿಕ್ಕಿದವು. ಉಪಕರಣಗಳ ವಿಭಾಗದಲ್ಲಿ ಕಂಡ ಒಂದು ದೃಶ್ಯ ಮಾತ್ರ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ವಯಸ್ಸಾದ ಗಿರಾಕಿಯೊಬ್ಬರು ಸಿಯರ್ಸ್‌ನದೇ ಕ್ರಾಫ್ಟ್ಸ್‌ಮನ್ ಹೆಸರಿನ ಮುರಿದ ಸ್ಪ್ಯಾನರೊಂದನ್ನು ಕೌಂಟರಿನ ಮೇಲಿಟ್ಟರು. ಅಲ್ಲಿದ್ದ ನೌಕರ ಬಿಲ್ಲು ಕೇಳಲಿಲ್ಲ, ಯಾವ ವರ್ಷ ಕೊಂಡದ್ದೆಂದು ವಿಚಾರಿಸಲಿಲ್ಲ. ಹಿಂದೆ ತಿರುಗಿ, ಅದೇ ಅಳತೆಯ ಹೊಸದೊಂದನ್ನು ಕೊಕ್ಕೆಯಿಂದ ತೆಗೆದು ಅವರ ಕೈಗಿತ್ತ. ಆ ಉಪಕರಣಗಳಿಗೆ ಜೀವಮಾನದ ಖಾತರಿ ಇತ್ತೆಂದು ಆಮೇಲೆ ತಿಳಿಯಿತು.

ಆ ಮಳಿಗೆ 2021ರ ನವೆಂಬರ್‌ನಲ್ಲಿ ಬಾಗಿಲು ಹಾಕಿತು. ಇಲಿನಾಯ್ ರಾಜ್ಯದಲ್ಲಿ ಉಳಿದಿದ್ದ ಕೊನೆಯ ಸಿಯರ್ಸ್ ಅದು. ಇದೇ ಶಿಕಾಗೋದಲ್ಲಿ ಬೆಳೆದು, 1973ರಲ್ಲಿ 110 ಅಂತಸ್ತಿನ ಗೋಪುರವನ್ನು ಕಟ್ಟಿ, ಸುಮಾರು 25 ವರ್ಷ ಜಗತ್ತಿನ ಅತಿ ಎತ್ತರದ ಕಟ್ಟಡದ ಮೇಲೆ ತನ್ನ ಹೆಸರನ್ನು ಉಳಿಸಿಕೊಂಡಿದ್ದ ಸಂಸ್ಥೆಗೆ ತನ್ನ ಸ್ವಂತ ರಾಜ್ಯದಲ್ಲೇ ಒಂದು ಅಂಗಡಿ ಇಲ್ಲದಂತಾಯಿತು. ಇದೊಂದೇ ಅಲ್ಲ. 1826ರಲ್ಲಿ ಆರಂಭವಾಗಿದ್ದ ಲಾರ್ಡ್ ಆ್ಯಂಡ್ ಟೇಲರ್ 2020ರಲ್ಲಿ ದಿವಾಳಿ ಅರ್ಜಿ ಹಾಕಿತು, ಜೆಸಿ ಪೆನ್ನಿಯೂ ಅದೇ ವರ್ಷ ಹಾಕಿತು. ಮೇಸೀಸ್ ಸುಮಾರು 150 ಮಳಿಗೆಗಳನ್ನು ಮುಚ್ಚುವುದಾಗಿ 2024ರಲ್ಲಿ ಪ್ರಕಟಿಸಿತು.

ನನ್ನ ಮಗಳು "ಅಮೆಜಾನ್ ಬಂತು, ಇವು ಹೋದವು, ಇದರಲ್ಲಿ ಕೇಳುವುದೇನಿದೆ?" ಎನ್ನುತ್ತಾಳೆ. ನನಗೆ ಒಗಟಾಗಿ ಉಳಿದಿರುವುದು ಬೇರೆ. ಕ್ಯಾಟಲಾಗ್ ನೋಡಿ ಆರಿಸಿ, ಅಂಚೆಯಲ್ಲಿ ಹಣ ಕಳಿಸಿ, ಮನೆಬಾಗಿಲಿಗೆ ಸರಕು ತರಿಸಿಕೊಳ್ಳುವ ಪದ್ಧತಿಯನ್ನು ಅಮೆರಿಕದ ಹಳ್ಳಿಹಳ್ಳಿಗೂ ಮುಟ್ಟಿಸಿದವರಲ್ಲಿ ಸಿಯರ್ಸ್ ಪ್ರಮುಖ. ಆ ವಿದ್ಯೆ ಬಲ್ಲವರೇ ಅದೇ ವಿದ್ಯೆಗೆ ಸೋತದ್ದು ಹೇಗೆ? ಈ ವ್ಯಾಪಾರದ ಒಳಹೊರಗು ತಿಳಿದವರು ದಯವಿಟ್ಟು ವಿವರಿಸಬೇಕಾಗಿ ಕೋರಿಕೆ.

ಉತ್ತರ 1: ಹಳೆಯ ಲೆಕ್ಕಿಗ

ನಿಮ್ಮ ಮಗಳ ಮಾತನ್ನು ಪೂರ್ತಿ ತಳ್ಳಿಹಾಕಲಾಗದು. ಆದರೆ ಇಸವಿಗಳನ್ನು ಜೋಡಿಸಿ ನೋಡಿದರೆ ಲೆಕ್ಕ ತಾಳೆಯಾಗುವುದಿಲ್ಲ. ಅಮೆರಿಕದ ಜನಗಣತಿ ಇಲಾಖೆಯ ಅಂಕಿಗಳ ಪ್ರಕಾರ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನಿನ ಪಾಲು 2000ದಲ್ಲಿ ಶೇ 1ರ ಆಸುಪಾಸಿನಲ್ಲಿತ್ತು, 2010ರಲ್ಲಿ ಶೇ 5ನ್ನೂ ಮುಟ್ಟಿರಲಿಲ್ಲ. ಸಿಯರ್ಸ್ ಅದಕ್ಕೆ ಎಷ್ಟೋ ಮೊದಲೇ ಏದುಸಿರು ಬಿಡುತ್ತಿತ್ತು. 1993ರ ಜನವರಿಯಲ್ಲಿ ಅದು ನೂರಕ್ಕೂ ಹೆಚ್ಚು ಮಳಿಗೆಗಳನ್ನೂ ಸುಮಾರು 50,000 ಉದ್ಯೋಗಗಳನ್ನೂ ಕಡಿತಗೊಳಿಸಲು ನಿರ್ಧರಿಸಿತು. ಅದೇ ಪ್ರಕಟಣೆಯಲ್ಲಿ ತನ್ನ ಹೆಸರಾಂತ ಕ್ಯಾಟಲಾಗನ್ನೂ ನಿಲ್ಲಿಸಿತು. ಜೆಫ್ ಬೆಜೋಸ್ ಅಮೆಜಾನ್ ಕಂಪನಿಯನ್ನು ನೋಂದಾಯಿಸಿದ್ದು ಮರುವರ್ಷ, 1994ರಲ್ಲಿ. ಮನೆಬಾಗಿಲ ವ್ಯಾಪಾರ ನಷ್ಟದ ಬಾಬತ್ತೆಂದು ಒಬ್ಬರು ಕೈತೊಳೆದುಕೊಂಡ ಮರುವರ್ಷವೇ ಇನ್ನೊಬ್ಬರು ಅದಕ್ಕೆ ಕೈಹಾಕಿದರು. ಸಿಯರ್ಸ್ ಹಿಂದೆ ಇಡೀ ಮನೆಯನ್ನೇ ಮರದ ತುಂಡುಗಳಾಗಿ ಕತ್ತರಿಸಿ, ಗುರುತು ಹಾಕಿ, ರೈಲಿನಲ್ಲಿ ಕಳಿಸುತ್ತಿತ್ತು; 1908ರಿಂದ 1940ರವರೆಗೆ ಹಾಗೆ ಸುಮಾರು 70,000 ಮನೆಗಳು ಮಾರಾಟವಾದವು. ಅಂಥವರಿಗೆ ಅಮೆಜಾನ್ ಶುರುವಿನಲ್ಲಿ ಮಾಡಿದಂತೆ ಪುಸ್ತಕದ ಪೊಟ್ಟಣ ಕಳಿಸುವುದು ಏನು ಮಹಾ?

ಹಾಗಾದರೆ ಪೆಟ್ಟು ಬಿದ್ದದ್ದು ಎಲ್ಲಿಂದ? 1962ನೇ ಇಸವಿಯನ್ನು ನೆನಪಿಟ್ಟುಕೊಳ್ಳಿ. ವಾಲ್‌ಮಾರ್ಟ್, ಕೆಮಾರ್ಟ್, ಟಾರ್ಗೆಟ್ ಮೂರೂ ತಮ್ಮ ಮೊದಲ ಮಳಿಗೆ ತೆರೆದದ್ದು ಆ ಒಂದೇ ವರ್ಷದಲ್ಲಿ. ಊರಾಚೆ ಅಗ್ಗದ ಜಾಗ, ಒಂದೇ ಅಂತಸ್ತು, ಕಡಿಮೆ ನೌಕರರು, ಗಿರಾಕಿಯೇ ತಳ್ಳುಗಾಡಿ ಹಿಡಿದು ಸಾಮಾನು ಆರಿಸಿಕೊಳ್ಳುವ ಏರ್ಪಾಟು. ಇವುಗಳಿಂದ ಉಳಿದ ಖರ್ಚು ನೇರವಾಗಿ ಬೆಲೆಯಲ್ಲಿ ಇಳಿಯಿತು. 1990ರ ದಶಕದ ಆರಂಭಕ್ಕೆ ವಾಲ್‌ಮಾರ್ಟ್ ಸಿಯರ್ಸನ್ನು ಹಿಂದಿಕ್ಕಿ ಅಮೆರಿಕದ ಅತಿ ದೊಡ್ಡ ಚಿಲ್ಲರೆ ವ್ಯಾಪಾರಿಯಾಯಿತು. ಅದೇ ಹೊತ್ತಿಗೆ ಡಿಪಾರ್ಟ್‌ಮೆಂಟ್ ಸ್ಟೋರಿನ (ಸಿಯರ್ಸ್‌ನಂತೆ ಬಗೆಬಗೆಯ ಸರಕನ್ನು ಬೇರೆಬೇರೆ ವಿಭಾಗಗಳಲ್ಲಿ ಒಂದೇ ಸೂರಿನಡಿ ಮಾರುವ ದೊಡ್ಡ ಮಳಿಗೆಯ) ವಿಭಾಗಗಳನ್ನು ಒಂದೊಂದಾಗಿ ಬೇರೆಯವರು ಕಿತ್ತುಕೊಳ್ಳುತ್ತಿದ್ದರು. ಆಟಿಕೆಗಳು ಟಾಯ್ಸ್ ಆರ್ ಅಸ್‌ಗೆ ಹೋದವು, ಟಿವಿ ಮತ್ತು ಫ್ರಿಜ್ ಬೆಸ್ಟ್ ಬೈಗೆ, ಸುತ್ತಿಗೆ ಮೊಳೆ ಬಣ್ಣ ಹೋಮ್ ಡಿಪೋಗೆ, ಮುಂದೆ ಸುಗಂಧದ್ರವ್ಯ ಸೆಫೋರಾಗೆ. ದೊಡ್ಡ ಕಂಪನಿಯ ಬಟ್ಟೆಯೇ ಬೇಕು, ಆದರೆ ಅರ್ಧ ಬೆಲೆಗೆ ಬೇಕು ಎನ್ನುವವರು ಟಿಜೆ ಮ್ಯಾಕ್ಸ್‌ನ ಬಾಗಿಲು ತಟ್ಟಿದರು. ಕೊನೆಗೆ ಮಳಿಗೆಯಲ್ಲಿ ಉಳಿದದ್ದು ಮಧ್ಯಮ ದರ್ಜೆಯ ಉಡುಪು ಮತ್ತು ಹಾಸಿಗೆ ಹೊದಿಕೆ. ಅಷ್ಟಕ್ಕೆ ನಾಲ್ಕು ಅಂತಸ್ತಿನ ಕಟ್ಟಡದ ವಿದ್ಯುತ್ ಬಿಲ್ಲು ಕಟ್ಟಲಾಗುವುದಿಲ್ಲ.

ಕುತೂಹಲದ ಸಂಗತಿಯೆಂದರೆ ಟಾರ್ಗೆಟ್ ಹುಟ್ಟಿದ್ದು ಡಿಪಾರ್ಟ್‌ಮೆಂಟ್ ಸ್ಟೋರಿನ ಮನೆಯಲ್ಲೇ. ಮಿನಿಯಾಪೊಲಿಸ್‌ನ ಡೇಟನ್ಸ್ ಎಂಬ ಹಳೆಯ ಸಂಸ್ಥೆ ಅದನ್ನು ಕಿರಿಯ ಶಾಖೆಯಾಗಿ ತೆರೆದಿತ್ತು. ಶಾಖೆಯೇ ತಾಯಿಮರಕ್ಕಿಂತ ಎತ್ತರವಾದಾಗ ಕಂಪನಿ 2000ದಲ್ಲಿ ತನ್ನ ಹೆಸರನ್ನೇ ಟಾರ್ಗೆಟ್ ಎಂದು ಬದಲಿಸಿಕೊಂಡು, ಹಳೆಯ ಡಿಪಾರ್ಟ್‌ಮೆಂಟ್ ಸ್ಟೋರುಗಳನ್ನು 2004ರಲ್ಲಿ ಮಾರಿಬಿಟ್ಟಿತು. ಹೊಸ ಗಾಳಿಯ ಸುಳಿವು ಯಾರಿಗೂ ಸಿಕ್ಕಿರಲಿಲ್ಲ ಎಂಬ ವಾದವನ್ನು ನಾನು ಒಪ್ಪದಿರುವುದು ಈ ಕಾರಣಕ್ಕೆ.

ಸಿಯರ್ಸ್‌ನ ವಿಷಯದಲ್ಲಿ ಜಮೀನಿನ ಕಥೆಯನ್ನೂ ಸೇರಿಸಬೇಕು. 2005ರಲ್ಲಿ ಎಡ್ಡಿ ಲ್ಯಾಂಪರ್ಟ್ ಎಂಬ ಹೂಡಿಕೆದಾರರು ಕೆಮಾರ್ಟ್ ಮತ್ತು ಸಿಯರ್ಸನ್ನು ಒಂದುಗೂಡಿಸಿದಾಗ ಎರಡರದೂ ಸೇರಿ ಸುಮಾರು 3,500 ಮಳಿಗೆಗಳಿದ್ದವು. ಮುಂದಿನ ವರ್ಷಗಳಲ್ಲಿ ಕಂಪನಿ ತನ್ನದೇ ಷೇರುಗಳನ್ನು ಮರಳಿ ಕೊಳ್ಳಲು ಶತಕೋಟಿಗಟ್ಟಲೆ ಡಾಲರ್ ಸುರಿಯಿತು. ಮಳಿಗೆಗಳಿಗೆ ಸುಣ್ಣಬಣ್ಣ ಕಾಣಿಸಲು ಮಾತ್ರ ಹಣವಿರಲಿಲ್ಲ. 2015ರಲ್ಲಿ ಸುಮಾರು 235 ಆಸ್ತಿಗಳನ್ನು ಸೆರಿಟೇಜ್ ಎಂಬ ಹೊಸ ಸಂಸ್ಥೆಗೆ 2.7 ಶತಕೋಟಿ ಡಾಲರ್‌ಗೆ ಮಾರಿ, ಅವುಗಳಲ್ಲಿ ಹೆಚ್ಚಿನವನ್ನು ಮತ್ತೆ ಬಾಡಿಗೆಗೆ ಹಿಡಿಯಿತು. ಸ್ವಂತ ಮನೆಯಲ್ಲಿದ್ದವರು ಅದೇ ಮನೆಯಲ್ಲಿ ಬಾಡಿಗೆದಾರರಾದರೆಂದರೆ ಲೆಕ್ಕಪತ್ರ ಬಲ್ಲವರಿಗೆ ಮುಂದಿನದು ಊಹೆಗೆ ಸಿಗುತ್ತದೆ. ನೀವು ಕಂಡ ಆ ಸ್ಪ್ಯಾನರಿನ ಕ್ರಾಫ್ಟ್ಸ್‌ಮನ್ ಹೆಸರನ್ನು 2017ರಲ್ಲಿ ಸ್ಟ್ಯಾನ್ಲಿ ಬ್ಲ್ಯಾಕ್ ಆ್ಯಂಡ್ ಡೆಕರ್ ಎಂಬ ಉಪಕರಣ ಕಂಪನಿಗೆ ಮಾರಿದರು. 2018ರ ಅಕ್ಟೋಬರ್ 15ರಂದು ದಿವಾಳಿ ಅರ್ಜಿ ಸಲ್ಲಿಸುವ ಹೊತ್ತಿಗೆ ಉಳಿದಿದ್ದದ್ದು ಸುಮಾರು 700 ಮಳಿಗೆಗಳು.

ಉತ್ತರ 2: ಜಯನಗರ ನಾಲ್ಕನೇ ಬ್ಲಾಕ್

ಮೊದಲು ಒಂದು ಪದದ ಗೊಂದಲ. ನಮ್ಮ ಬಡಾವಣೆಗಳಲ್ಲಿ "ಡಿಪಾರ್ಟ್‌ಮೆಂಟಲ್ ಸ್ಟೋರ್ಸ್" ಎಂದು ಫಲಕ ಹಾಕಿಕೊಂಡಿರುವವರು ಅಕ್ಕಿ, ಬೇಳೆ, ಸೋಪು, ಅಗರಬತ್ತಿ ಮಾರುವವರು. ಅಂದರೆ ಅದು ದಿನಸಿ ಅಂಗಡಿ. ಇಲ್ಲಿ ಚರ್ಚೆಯಾಗುತ್ತಿರುವುದು ಅದಲ್ಲ. ಸಿಯರ್ಸ್‌ನಂಥ ಮಳಿಗೆಗೆ ಹತ್ತಿರವಾದದ್ದು ನಮ್ಮಲ್ಲಿ ಇದ್ದದ್ದಾದರೆ, ಅವು 1960ರ ದಶಕದ ಸಹಕಾರಿ ಮಳಿಗೆಗಳು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾಗಿ ಬೆಲೆಗಳು ಏರತೊಡಗಿದ ಬೆನ್ನಿಗೇ ದೆಹಲಿಯಲ್ಲಿ ಸೂಪರ್ ಬಜಾರ್ ಆರಂಭವಾಯಿತು. ಬೆಂಗಳೂರಿನ ಕೆಂಪೇಗೌಡ ರಸ್ತೆಯ ಜನತಾ ಬಜಾರ್ ನನ್ನ ತಲೆಮಾರಿನ ಎಲ್ಲರಿಗೂ ಗೊತ್ತು.

ನಮ್ಮೂರಿನಲ್ಲಿಯೂ ಅಂಥದೊಂದು ಸಹಕಾರಿ ಮಳಿಗೆ ಇತ್ತು, ಹೆಸರು ಬೇಡ. ಜೂನ್ ಬಂತೆಂದರೆ ನೋಟ್‌ಪುಸ್ತಕಕ್ಕಾಗಿ ಅಪ್ಪ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದರು. ಒಂದು ಕೌಂಟರಿನಲ್ಲಿ ಪುಸ್ತಕ ತೋರಿಸಿ, ಕಾರ್ಬನ್ ಹಾಳೆ ಇಟ್ಟು ಬಿಲ್ಲು ಬರೆಸಬೇಕು. ಗಲ್ಲಾದ ಮುಂದಿನ ಸಾಲಿನಲ್ಲಿ ನಿಂತು ಹಣ ಕಟ್ಟಿ ಮೊಹರು ಹಾಕಿಸಬೇಕು. ಆ ಚೀಟಿ ಹಿಡಿದು ಮೂರನೆಯ ಕಿಟಕಿಗೆ ಹೋದರೆ ಹುರಿಯಿಂದ ಕಟ್ಟಿದ ಪೊಟ್ಟಣ ಸಿಗುತ್ತಿತ್ತು. ಅಷ್ಟರಲ್ಲಿ ಎದುರಿನ ಸ್ಟೇಷನರಿ ಅಂಗಡಿಯವರು ಹತ್ತು ಗಿರಾಕಿಗಳನ್ನು ಸಾಗಹಾಕಿರುತ್ತಿದ್ದರು, ಅದೂ ತಿಂಗಳ ಸಾಲದ ಮೇಲೆ. ತೂಕದಲ್ಲಿ ಮೋಸವಿಲ್ಲ, ಬೆಲೆಯಲ್ಲಿ ಚೌಕಾಸಿಯಿಲ್ಲ ಎಂಬ ಭರವಸೆಯಷ್ಟೇ ಆ ಮಳಿಗೆಯ ಬಂಡವಾಳವಾಗಿತ್ತು. ಪೊಟ್ಟಣದ ಮೇಲೆ ತೂಕ ಮತ್ತು ಗರಿಷ್ಠ ಬೆಲೆ ಅಚ್ಚಾಗುವುದು ಎಲ್ಲ ಕಡೆಯೂ ರೂಢಿಯಾದ ಮೇಲೆ ಆ ಭರವಸೆ ಪ್ರತಿ ಬೀದಿಯಲ್ಲಿಯೂ ಸಿಗತೊಡಗಿತು. ದೆಹಲಿಯ ಸೂಪರ್ ಬಜಾರ್ 2002ರಲ್ಲಿ ಮುಚ್ಚಿತು, ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭವಾದದ್ದು 2007ರಲ್ಲಿ. ಆದ್ದರಿಂದ ಹಳೆಯ ಲೆಕ್ಕಿಗರ ಮಾತಿಗೆ ನನ್ನದೂ ಒಪ್ಪಿಗೆ ಇದೆ.

ಉತ್ತರ 3: ಎಡಿಸನ್ ಅಮ್ಮ

ಇಬ್ಬರೂ ಮಾಲೀಕರ ಕಡೆಯಿಂದಲೇ ನೋಡಿದ್ದೀರಿ. ಗಿರಾಕಿಗಳಾದ ನಾವು ಮಾಡಿದ್ದೇನು ಎಂಬುದನ್ನೂ ಸ್ವಲ್ಪ ಹೇಳಬೇಕು. ಪ್ಯಾರಿಸ್ಸಿನಲ್ಲಿ 1852ರಿಂದ ಬೋ ಮಾರ್ಶೆ ಮಳಿಗೆಯನ್ನು ಬೆಳೆಸಿದ ಅರಿಸ್ಟೀಡ್ ಬೂಸಿಕೋ ಅವರ ಹೆಸರು ಉಳಿದಿರುವುದಕ್ಕೆ ಮುಖ್ಯ ಕಾರಣ, ಸರಕಿನ ಮೇಲೆ ಬೆಲೆಚೀಟಿ ಅಂಟಿಸಿ, ರಾಣಿಗೂ ದಾದಿಗೂ ಒಂದೇ ದರವೆಂದು ಸಾರಿದ್ದು. ಅಮೆರಿಕದವರು ಅದೇ ಪದ್ಧತಿಯನ್ನು ಕೂಪನ್ನುಗಳಿಂದ ಕೆಡಿಸಿಕೊಂಡರು. ನೂರು ಡಾಲರ್ ಎಂದು ಬರೆದು, ವಾರಾಂತ್ಯಕ್ಕೆ ಅರವತ್ತು ಮಾಡಿ, ಕೂಪನ್ ತಂದವರಿಗೆ ನಲವತ್ತೆಂಟಕ್ಕೆ ಕೊಡುವುದು ಅಭ್ಯಾಸವಾಯಿತು. ಚಿಕ್ಕಪೇಟೆಯಲ್ಲಿ ಬಾಯಲ್ಲಿ ಮಾಡುವ ಚೌಕಾಸಿಯನ್ನು ಇಲ್ಲಿ ಕತ್ತರಿಯಿಂದ ಮಾಡುತ್ತಾರೆ, ಅಷ್ಟೇ ವ್ಯತ್ಯಾಸ.

ಆ್ಯಪಲ್ ಕಂಪನಿಯ ಮಳಿಗೆಗಳನ್ನು ರೂಪಿಸಿ ಹೆಸರು ಮಾಡಿದ್ದ ರಾನ್ ಜಾನ್ಸನ್ 2012ರಲ್ಲಿ ಜೆಸಿ ಪೆನ್ನಿಯಲ್ಲಿ ಈ ನಾಟಕವನ್ನು ನಿಲ್ಲಿಸಲು ಹೊರಟರು. ಕೂಪನ್ ಇಲ್ಲ, ಸುಳ್ಳು ರಿಯಾಯಿತಿ ಇಲ್ಲ, ಮೊದಲ ದಿನದಿಂದಲೇ ಇಳಿಸಿದ ಬೆಲೆ. ಆ ಒಂದೇ ವರ್ಷದಲ್ಲಿ ಮಾರಾಟ ಸುಮಾರು 17.3 ಶತಕೋಟಿ ಡಾಲರ್‌ನಿಂದ 13 ಶತಕೋಟಿಗೆ ಕುಸಿಯಿತು, 2013ರ ಏಪ್ರಿಲ್‌ನಲ್ಲಿ ಅವರನ್ನು ಮನೆಗೆ ಕಳಿಸಲಾಯಿತು. ತಮಾಷೆಯೆಂದರೆ, 1902ರಲ್ಲಿ ಜೆಸಿ ಪೆನ್ನಿಯ ಸ್ಥಾಪಕರು ವಯೋಮಿಂಗ್ ರಾಜ್ಯದಲ್ಲಿ ಪಾಲುದಾರರಾಗಿ ತೆರೆದ ಮೊದಲ ಅಂಗಡಿಯ ಹೆಸರು "ಗೋಲ್ಡನ್ ರೂಲ್", ಅಂದರೆ ಇತರರು ನಮ್ಮೊಡನೆ ಹೇಗಿರಬೇಕೆಂದು ಬಯಸುತ್ತೇವೋ ಹಾಗೆಯೇ ನಾವೂ ನಡೆದುಕೊಳ್ಳಬೇಕೆಂಬ ನೀತಿ. ಆ ವರ್ಷ ಅಲ್ಲಿಗೆ ಹೋಗುವುದನ್ನು ಬಿಟ್ಟವರಲ್ಲಿ ನಾನೂ ಒಬ್ಬಳು. ಬೆಲೆ ನಿಜಕ್ಕೂ ಅಷ್ಟೇ ಇದ್ದಿರಬಹುದು, ಆದರೆ ಗೆದ್ದೆ ಎಂಬ ಸಂತೋಷ ಸಿಗುತ್ತಿರಲಿಲ್ಲ.

ಇನ್ನೊಂದು ಮಾತು. ಎರಡು ಚಳಿಗಾಲ ನಾನು ಹಬ್ಬದ ಸಮಯದ ತಾತ್ಕಾಲಿಕ ನೌಕರಳಾಗಿ ಒಂದು ದೊಡ್ಡ ಮಳಿಗೆಯಲ್ಲಿ ಕೆಲಸ ಮಾಡಿದೆ. ಮೊದಲ ವರ್ಷ ನಮ್ಮ ಅಂತಸ್ತಿನಲ್ಲಿ ನಾಲ್ಕು ಗಲ್ಲಾಗಳಿದ್ದವು. ಮರುವರ್ಷ ಒಂದೇ ಉಳಿಯಿತು, ಉಳಿದವುಗಳ ಮೇಲೆ ಬಟ್ಟೆ ಹೊದಿಸಿದ್ದರು. ಶರ್ಟನ್ನು ಕೈಯಲ್ಲಿ ಹಿಡಿದು ಹಣ ಕಟ್ಟುವ ಜಾಗವನ್ನು ಹುಡುಕುತ್ತ ಅಲೆಯುವ ಗಿರಾಕಿಗಳು, ಸ್ವಲ್ಪ ಹೊತ್ತು ನೋಡಿ, ಅದನ್ನು ಯಾವುದೋ ಪಾತ್ರೆಪಡಗದ ಕಪಾಟಿನಲ್ಲಿ ತುರುಕಿ ಹೊರಟುಹೋಗುತ್ತಿದ್ದರು. ರಾತ್ರಿ ಅವುಗಳನ್ನು ಆಯ್ದು ಮಡಚಿಡುವುದೇ ನನ್ನ ಮುಖ್ಯ ಕೆಲಸವಾಗಿತ್ತು. ನೌಕರರನ್ನು ಕಡಿಮೆ ಮಾಡಿ ಉಳಿಸಿದ್ದೆಷ್ಟು, ಹಾಗೆ ಕಳೆದುಕೊಂಡದ್ದೆಷ್ಟು ಎಂದು ಲೆಕ್ಕಿಗರು ಯಾರಾದರೂ ಹೇಳಬೇಕು.

ಉತ್ತರ 4: ಹಳೆಯ ಲೆಕ್ಕಿಗ

ಅಮ್ಮನವರ ಕೊನೆಯ ಪ್ರಶ್ನೆ ನನ್ನನ್ನೇ ಉದ್ದೇಶಿಸಿದ್ದು ಎಂದುಕೊಂಡು ಉತ್ತರಿಸುತ್ತಿದ್ದೇನೆ. ಸಂಬಳದ ಉಳಿತಾಯ ಅದೇ ತಿಂಗಳ ಪಟ್ಟಿಯಲ್ಲಿ ಅಂಕಿಯಾಗಿ ಕಾಣುತ್ತದೆ. ಶರ್ಟು ಬಿಟ್ಟು ಹೋದವರು ಯಾವ ಪುಸ್ತಕದಲ್ಲಿಯೂ ದಾಖಲಾಗುವುದಿಲ್ಲ. ನಾನು ಕೆಲಸ ಮಾಡಿದ ಕಡೆಯೂ ಆ ಎರಡನೆಯದಕ್ಕೆ ಒಂದು ಖಾತೆ ಇರಲಿಲ್ಲ.

ಮಾಲ್‌ಗಳ ಪಾಡನ್ನೂ ಸೇರಿಸಿಬಿಡುತ್ತೇನೆ. 1956ರಲ್ಲಿ ಮಿನೆಸೋಟದ ಸೌತ್‌ಡೇಲ್ ಮಾಲ್ ತೆರೆದಾಗಿನಿಂದಲೂ ಪದ್ಧತಿ ಒಂದೇ: ತುದಿಗಳಲ್ಲಿ ಡಿಪಾರ್ಟ್‌ಮೆಂಟ್ ಸ್ಟೋರುಗಳು, ನಡುವೆ ಸಣ್ಣ ಅಂಗಡಿಗಳು. ಜನರನ್ನು ಸೆಳೆಯುವವರೆಂದು ತುದಿಯವರಿಗೆ ತೀರಾ ಅಗ್ಗದ ಬಾಡಿಗೆ, ಹಾಗೆ ಬಂದ ಜನರಿಂದ ಬದುಕುವ ಸಣ್ಣವರಿಗೆ ದುಬಾರಿ ಬಾಡಿಗೆ. ಸಣ್ಣವರ ಕರಾರಿನಲ್ಲಿ ಸಾಮಾನ್ಯವಾಗಿ ಒಂದು ಷರತ್ತಿರುತ್ತದೆ, ತುದಿಯ ಮಳಿಗೆ ಖಾಲಿಯಾದರೆ ತಮ್ಮ ಬಾಡಿಗೆ ಇಳಿಯಬೇಕು ಅಥವಾ ತಾವೂ ಹೊರಡಬಹುದು ಎಂದು. ಆದ್ದರಿಂದ ಒಂದು ಸಿಯರ್ಸ್ ಮುಚ್ಚಿದರೆ ನಷ್ಟ ಒಂದಕ್ಕೇ ನಿಲ್ಲುವುದಿಲ್ಲ. ಒಹಾಯೋದ ರ‍್ಯಾಂಡಲ್ ಪಾರ್ಕ್ ಮಾಲ್ 1976ರಲ್ಲಿ ತೆರೆದಾಗ ಜಗತ್ತಿನ ಅತಿ ದೊಡ್ಡ ಮಾಲ್‌ಗಳಲ್ಲಿ ಒಂದಾಗಿತ್ತು. ಅದನ್ನು ಕೆಡವಿದ ಜಾಗದಲ್ಲಿ 2018ರಿಂದ ನಡೆಯುತ್ತಿರುವುದು ಅಮೆಜಾನ್‌ನ ಗೋದಾಮು.

ಶಾಂಬರ್ಗ್ ವಾಸಿ

ಎಲ್ಲರಿಗೂ ಧನ್ಯವಾದ. ಉತ್ತರಗಳನ್ನು ಮಗಳಿಗೆ ಓದಿ ಹೇಳಿದೆ. "ಅಮೆಜಾನ್ ಕೊಂದಿಲ್ಲ, ಸಾಯುತ್ತಿದ್ದವರ ಮನೆಗೆ ಬಂತು" ಎಂದು ತಿದ್ದಿಕೊಂಡಿದ್ದಾಳೆ. ಅದನ್ನೂ ನಾನು ಪೂರ್ತಿ ಒಪ್ಪುತ್ತಿಲ್ಲ. 2019ರ ಹೊತ್ತಿಗೆ ಆನ್‌ಲೈನಿನ ಪಾಲು ಶೇ 11ರ ಹತ್ತಿರ ಬಂದಿತ್ತೆಂದು ಅದೇ ಜನಗಣತಿ ಇಲಾಖೆಯ ಅಂಕಿಗಳು ಹೇಳುತ್ತವೆ. ಲಾಭವೇ ತೆಳುವಾಗಿರುವ ವ್ಯಾಪಾರಕ್ಕೆ ಅದು ಸಣ್ಣ ಪೆಟ್ಟಲ್ಲ.

ಈ ಚರ್ಚೆ ನಡೆಯುತ್ತಿರುವಾಗಲೇ, ಕಳೆದ ಶನಿವಾರ, ಅಮೆಜಾನ್‌ನಿಂದ ತರಿಸಿದ್ದ ಪ್ರೆಷರ್ ಕುಕ್ಕರಿನ ಗ್ಯಾಸ್ಕೆಟ್ ಅಳತೆ ಹೊಂದದೆ ಹಿಂತಿರುಗಿಸಬೇಕಾಯಿತು. ಹಾಗೆ ಹಿಂತಿರುಗಿಸುವ ಜಾಗ ನಮ್ಮ ಹತ್ತಿರದ ಕೋಲ್ಸ್, ಅಂದರೆ ಅದೂ ಒಂದು ಡಿಪಾರ್ಟ್‌ಮೆಂಟ್ ಸ್ಟೋರ್. 2019ರಿಂದ ಅವರ ಮಳಿಗೆಗಳಲ್ಲೆಲ್ಲ ಈ ಸೇವೆ ಇದೆ. ಕೌಂಟರು ಮಳಿಗೆಯ ತೀರಾ ಹಿಂಬದಿಯಲ್ಲಿದ್ದುದರಿಂದ ಮಕ್ಕಳ ಉಡುಪು, ಚಾದರ, ಹೂದಾನಿಗಳನ್ನು ದಾಟಿಕೊಂಡೇ ಹೋಗಬೇಕಾಯಿತು. ನನ್ನ ಮುಂದೆ ಎಂಟು ಜನರಿದ್ದರು. ಎಲ್ಲರ ಕೈಯಲ್ಲಿದ್ದದ್ದು ಅಮೆಜಾನ್ ಪೊಟ್ಟಣಗಳೇ. ಗ್ಯಾಸ್ಕೆಟ್ ತೆಗೆದುಕೊಂಡ ಹುಡುಗಿ ಒಂದು ಕೂಪನ್ ಕೊಟ್ಟಳು. ಅದು ಇನ್ನೂ ಕಾರಿನಲ್ಲಿಯೇ ಇದೆ. ಎಡಿಸನ್ ಅಮ್ಮನವರಿಗೆ ಬೇಕಿದ್ದರೆ ಅಂಚೆಯಲ್ಲಿ ಕಳಿಸುತ್ತೇನೆ.