ಶ್ವೇತಕುಬ್ಜಗಳಿಂದ ನಕ್ಷತ್ರಗಳ ವಯಸ್ಸು: ಸಹಾಯ ಬೇಕು

ನಮಸ್ಕಾರ. ಗಾಯಾ ದೂರದರ್ಶಕದ 2022ರ ದತ್ತಾಂಶದಿಂದ 100 ಪಾರ್ಸೆಕ್ (ಸುಮಾರು 326 ಜ್ಯೋತಿರ್ವರ್ಷ) ಒಳಗಿನ ಶ್ವೇತಕುಬ್ಜಗಳನ್ನು, ಅಂದರೆ ಇಂಧನ ಮುಗಿದ ನಕ್ಷತ್ರಗಳು ಉಳಿಸಿಹೋದ, ತಣಿಯುತ್ತಿರುವ ಒಡಲುಗಳನ್ನು, ಆರಿಸಿಕೊಂಡು, ಸೂರ್ಯನ ನೆರೆಯಲ್ಲಿ ಯಾವ ಕಾಲದಲ್ಲಿ ಎಷ್ಟು ನಕ್ಷತ್ರಗಳು ಹುಟ್ಟಿದವು ಎಂದು ತಿಳಿಯಲು ಪ್ರಯತ್ನಿಸುತ್ತಿದ್ದೇನೆ. ತಣಿಯಲು ಹಿಡಿದ ಕಾಲವನ್ನು ಪ್ರಕಾಶ, ಬಣ್ಣಗಳಿಂದ ಅಂದಾಜು ಮಾಡಬಹುದು. ಆದರೆ ಒಟ್ಟು ವಯಸ್ಸಿಗೆ ಮೂಲ ನಕ್ಷತ್ರದ ಆಯಸ್ಸನ್ನೂ ಕೂಡಿಸಬೇಕಲ್ಲ, ನಾನು ಸಿಕ್ಕಿಕೊಂಡಿರುವುದು ಅಲ್ಲಿಯೇ. 0.6 ಸೌರರಾಶಿಯ (ಸೂರ್ಯನ ದ್ರವ್ಯರಾಶಿಯ 0.6 ಪಟ್ಟಿನ) ಆಸುಪಾಸಿನಲ್ಲಿ ಕುಬ್ಜದ ರಾಶಿ ತುಸುವೇ ಬದಲಾದರೂ ಆ ಆಯಸ್ಸು ಶತಕೋಟಿಗಟ್ಟಲೆ ವರ್ಷ ಅತ್ತಿತ್ತ ಆಗುತ್ತದೆ. ಹಾಗಾದರೆ 0.7ಕ್ಕಿಂತ ಭಾರವಾದವುಗಳನ್ನು ಮಾತ್ರ ಇಟ್ಟುಕೊಳ್ಳುವುದು ಸರಿಯೇ? ಅವುಗಳಲ್ಲಿ ಕೆಲವು ಎರಡು ನಕ್ಷತ್ರಗಳು ಕೂಡಿ ಆದವು ಎಂಬ ಅನುಮಾನ ಬೇರೆ.

ನನ್ನನ್ನು ಹೆಚ್ಚು ಕಾಡುತ್ತಿರುವುದು ಮತ್ತೊಂದು. ಒಡಲಿನ ಇಂಗಾಲ, ಆಮ್ಲಜನಕ ಹರಳುಗಟ್ಟುವಾಗ ಸುಪ್ತೋಷ್ಣ (ದ್ರವ ಗಟ್ಟಿಯಾಗುವಾಗ ಬಿಡುವ ಶಾಖ) ಹೊರಬಿದ್ದು ತಣಿಯುವುದು ನಿಧಾನವಾಗುತ್ತದೆ, ಕುಬ್ಜಗಳು ಅಲ್ಲಿ ಗುಂಪುಗೂಡುತ್ತವೆ. ನನ್ನ ನಕ್ಷೆಯಲ್ಲಿ ಅದು ಹಿಂದೊಮ್ಮೆ ನಕ್ಷತ್ರಗಳು ಹೆಚ್ಚಾಗಿ ಹುಟ್ಟಿದ ಕಾಲದಂತೆಯೇ ಕಾಣುತ್ತದೆ! ಇವೆರಡನ್ನು ಬೇರ್ಪಡಿಸಿ ನೋಡಿದವರು ಯಾರಾದರೂ ಇದ್ದೀರಾ? ಹೈಡ್ರೋಜನ್ ಮತ್ತು ಹೀಲಿಯಂ ವಾತಾವರಣಗಳಿಗೆ ಬೇರೆ ಬೇರೆ ಮಾದರಿ ಬಳಸಿದವರ ಅನುಭವವೂ ಬೇಕು. ಕೇಳಿದವರಿಗೆ ನನ್ನ ಪೈಥಾನ್ ಕೋಡ್, ನಕ್ಷೆಗಳನ್ನು ಕಳುಹಿಸುತ್ತೇನೆ.